ಹತ್ತದೆ ಪಳಗಿಸಿದ ಕುದುರೆ

"ಇದು ಆಗೋ ಮಾತೇ ಅಲ್ಲ" ಎಂದು ಮೊದಲು ಹೇಳಿದವರು ನನ್ನ ಗಂಡನ ಅಕ್ಕ. ಮೆಲ್ಬರ್ನ್‌ನ ಕ್ಲೈಡ್ ನಾರ್ತ್‌ನಲ್ಲಿ ಅವರ ಮನೆ. ನಾನು ಸಿಡ್ನಿಯಿಂದ ಫೋನ್ ಮಾಡಿ ವಿಷಯ ತಿಳಿಸಿದಾಗ ಅತ್ತೇಬಿಟ್ಟರು. ಇವತ್ತೇ ತುಪ್ಪದ ದೀಪ ಹಚ್ಚುತ್ತೇನೆ ಎಂದರು. ಆಮೇಲೆ ಮೂಗು ಒರೆಸಿಕೊಂಡು ಕೇಳಿದರು:

"ಅಂದ್ಮೇಲೆ ಆ ಕುದುರೆ ಕೋರ್ಸ್ ಬಿಡ್ತೀಯಾ ತಾನೆ?"

"ಇಲ್ಲ ಅಕ್ಕಾ, ಇದೊಂದೇ ಸೆಮಿಸ್ಟರ್ ಬಾಕಿ."

"ನೋಡಮ್ಮ, ಬಸುರಿ, ಕುದುರೆ, ಡಿಗ್ರಿ. ಇದರಲ್ಲಿ ಯಾವ್ದಾದ್ರೂ ಎರಡನ್ನ ಹೇಗೋ ಮ್ಯಾನೇಜ್ ಮಾಡ್ಬೋದು. ಮೂರೂ ಒಟ್ಟಿಗೆ ಆಗೋ ಮಾತೇ ಅಲ್ಲ. ಬೇಕಾದ್ರೆ ಬರೆದಿಟ್ಕೋ."

ನಾನು ಬರೆದಿಟ್ಟುಕೊಳ್ಳಲಿಲ್ಲ. ಮರೆಯಲೂ ಇಲ್ಲ.

ಅವರ ಮಾತಿನಲ್ಲಿ ಹುರುಳಿತ್ತು. ನಾನು ಓದುತ್ತಿದ್ದದ್ದು ಕುದುರೆಗಳ ಸಾಕಣೆ ಮತ್ತು ತರಬೇತಿಯ ಪದವಿ. ನಮ್ಮ ಮನೆತನದಲ್ಲಿ ಪದವಿಯ ಹೊಸ್ತಿಲವರೆಗೆ ಬಂದವಳು ನಾನೊಬ್ಬಳೇ. ಅಪ್ಪ ಮೈಸೂರಿನಲ್ಲಿ ಟಾಂಗಾ ಹೊಡೆಯುತ್ತಾರೆ, ಅಮ್ಮ ಹೆಬ್ಬೆಟ್ಟು. ನಮ್ಮ ಬ್ಯಾಚ್ ಮುಗಿದ ಮೇಲೆ ಕಾಲೇಜು ಈ ಕೋರ್ಸನ್ನೇ ಮುಚ್ಚಲಿತ್ತು. ಈ ಸೆಮಿಸ್ಟರಿನಲ್ಲಿ ಪ್ರಾಕ್ಟಿಕಲ್ ಮುಗಿಸದವರಿಗೆ ಮುಂದಿನ ವರ್ಷ ಎಂಬುದಿರಲಿಲ್ಲ. ಡಿಪ್ಲೊಮಾ ಕೊಟ್ಟು ಕಳಿಸಿಬಿಡುತ್ತಾರೆ. ಡಿಪ್ಲೊಮಾ ಕೆಟ್ಟದ್ದೇನಲ್ಲ. ಆದರೆ ನಾನು ಮನೆ ಬಿಟ್ಟು ಬಂದದ್ದು ಅದಕ್ಕಲ್ಲ.

ನನಗೆ ಬಾಕಿ ಇದ್ದದ್ದು ಎರಡು ಪ್ರಾಕ್ಟಿಕಲ್. ಒಂದು, ಗಬ್ಬದ ಕುದುರೆಗಳ ಆರೈಕೆ. ಇನ್ನೊಂದು, ಬೆನ್ನ ಮೇಲೆ ಇನ್ನೂ ಯಾರನ್ನೂ ಕೂರಿಸಿಕೊಳ್ಳದ ಎಳೆ ಕುದುರೆಯೊಂದನ್ನು ಪಳಗಿಸಿ, ಕೊನೆಗೆ ಪರೀಕ್ಷಕರ ಮುಂದೆ ಅದರ ಮೇಲೆ ಸವಾರಿ ಮಾಡಿ ತೋರಿಸುವುದು. ನನ್ನ ಪಾಲಿಗೆ ಬಂದದ್ದು ಕಂದು ಬಣ್ಣದ, ಬೀಜ ಒಡೆಸಿದ ಗಂಡು. ಲಾಯದಲ್ಲಿ ಅದರ ಹೆಸರು ಬಿಸ್ಕೆಟ್.

ಗಂಡ ಮೆಲ್ಬರ್ನ್‌ನ ವೆರಿಬೀಯಲ್ಲಿ, ಗೋದಾಮಿನ ಶಿಫ್ಟ್ ಕೆಲಸದಲ್ಲಿ. ಮನೆಗೆ ಮಾರ್ಟ್‌ಗೇಜ್ ಇರುವುದರಿಂದ ಅವರು ಅಲ್ಲಿಂದ ಕದಲುವ ಹಾಗಿರಲಿಲ್ಲ. ನಾನು ಸಿಡ್ನಿಯ ಪ್ಯಾರಮಟ್ಟಾದಲ್ಲಿ ಒಂದು ಫ್ಲ್ಯಾಟಿನ ಒಂದು ರೂಮಿನಲ್ಲಿ. ಕಿಟಕಿ ತೆರೆದರೆ ಎದುರು ಕಟ್ಟಡದ ಬಾಲ್ಕನಿ, ಅಲ್ಲಿ ಒಣಗಿದ ಯಾರದೋ ಟವೆಲ್. ಬೆಳಿಗ್ಗೆ ರೈಲು ಹತ್ತಿ, ಕೊನೆಯ ಸ್ಟೇಷನ್ನಿನಲ್ಲಿ ಕಾಲೇಜಿನ ವ್ಯಾನ್ ಹಿಡಿದು, ಊರ ಹೊರಗಿನ ಲಾಯ ಮುಟ್ಟಿದಾಗ ಮಾತ್ರ ಎದೆ ತುಂಬ ಗಾಳಿ ಸಿಗುತ್ತಿತ್ತು. ಆ ಚಳಿಗಾಲದಿಂದ ಅದೂ ಸಿಗದಂತಾಯಿತು.

ಕಾರಣ ಒಂದು ಆಣೆ. ಮೂರು ತಿಂಗಳು ತುಂಬುವವರೆಗೆ ಹೊರಗಿನವರ ಹತ್ತಿರ ಬಾಯಿ ಬಿಡಬಾರದು ಎಂದು ಗಂಡನ ಅಕ್ಕ ನನ್ನಿಂದ ಮಾತು ತೆಗೆದುಕೊಂಡಿದ್ದರು. ಅಮ್ಮನೂ ಅದನ್ನೇ ಹೇಳಿದರು. "ಕಣ್ಣು ಬೀಳ್ತದೆ, ಸುಮ್ಕಿರು. ಮತ್ತೆ ಕುದುರೆ ಕಟ್ಟೋ ಹಗ್ಗ ದಾಟ್ಬ್ಯಾಡ. ದಾಟಿದ್ರೆ ಕುದುರೆ ಹಂಗೆ ಹನ್ನೊಂದು ತಿಂಗ್ಳು ಹೊರಬೇಕಾಯ್ತದೆ."

"ಅಮ್ಮಾ, ಇಲ್ಲಿ ದಿನಾ ಮೂವತ್ತು ಹಗ್ಗ ದಾಟ್ತೀನಿ."

"ಹಂಗಾದ್ರೆ ಆನೆ ಹಂಗೆ ಹೊರ್ತೀಯ, ಬಿಡು."

ನಕ್ಕೆವು. ಆದರೆ ಆಣೆ ಆಣೆಯೇ. ಮನೆಯಲ್ಲಿ ಕೂತವರಿಗೆ ಮೂರು ತಿಂಗಳು ಬಾಯಿ ಮುಚ್ಚಿಕೊಂಡಿರುವುದು ಸುಲಭ. ನನ್ನ ಕೆಲಸದಲ್ಲಿ ಅದು ಹಾಗಿರಲಿಲ್ಲ.

ಲಾಯದ ಮ್ಯಾನೇಜರ್ ಐವತ್ತು ದಾಟಿದ ಹೆಂಗಸು, ಬಿಸಿಲಿಗೆ ಸುಕ್ಕಾದ ಮುಖ, ಒಂದು ಮಾತಿಗೆ ಎರಡನೆಯದು ಸೇರಿಸದವಳು. ಸೆಮಿಸ್ಟರಿನ ಮೊದಲ ದಿನವೇ ಎಲ್ಲ ಹುಡುಗಿಯರಿಗೂ ಹೇಳಿದ್ದಳು: ಬಸುರಿಯಾದರೆ ಮೊದಲು ನನಗೆ ತಿಳಿಸಿ, ನಾನು ಏನೂ ಕೇಳುವುದಿಲ್ಲ. ಅದಕ್ಕೆ ಕಾರಣಗಳಿದ್ದವು. ಗಬ್ಬ ನಿಲ್ಲದ ಕುದುರೆಗಳಿಗೆ ದಿನವೂ ಒಂದು ಹಾರ್ಮೋನ್ ಔಷಧ ಕುಡಿಸುತ್ತೇವೆ. ಎಣ್ಣೆಯಂತಿರುತ್ತದೆ, ಚರ್ಮಕ್ಕೆ ತಾಗಿದರೆ ಒಳಗಿಳಿಯುತ್ತದೆ. ಮಾಮೂಲಿ ರಬ್ಬರ್ ಗ್ಲೌಸನ್ನೂ ದಾಟಬಲ್ಲದು. ಬಸುರಿ ಹೆಂಗಸು ಅದನ್ನು ಮುಟ್ಟಲೇಬಾರದು. ಹೆರಿಗೆಯ ಕಾಲದಲ್ಲಿ ಇನ್ನೊಂದು ಅಪಾಯ. ಇಲ್ಲಿನ ಕಾಡುಗಿಳಿಗಳಿಂದ ಕುದುರೆಗೆ ತಗಲುವ ಒಂದು ಸೋಂಕಿದೆ. ಅದರಿಂದ ಗಬ್ಬ ಇಳಿದುಹೋದರೆ, ಆ ಮಾಸನ್ನು ಕೈಯಲ್ಲಿ ಮುಟ್ಟಿದವರಿಗೆ ನ್ಯುಮೋನಿಯಾ ಬರಬಹುದು. ಬಸುರಿಗೆ ಬಂದರೆ ಎರಡು ಜೀವದ ಮಾತು.

ಇವೆಲ್ಲ ಗೊತ್ತಿದ್ದೂ ನಾನು ಸುತ್ತುದಾರಿ ಹಿಡಿದೆ. ಗ್ಲೌಸ್ ಹಾಕಿದರೆ ಅಲರ್ಜಿ ಎಂದು ಹೇಳಿ, ಔಷಧ ಕುಡಿಸುವ ಸರದಿಯನ್ನು ಒಬ್ಬ ಸಹಪಾಠಿಗೆ ಕೊಟ್ಟು, ಬದಲಿಗೆ ಅವಳ ಪಾಲಿನ ಲದ್ದಿ ಎತ್ತುತ್ತಿದ್ದೆ. ಒಳನಾಡಿನ ದನದ ಫಾರ್ಮ್‌ನಿಂದ ಬಂದ ಹುಡುಗಿ ಅವಳು. "ನಿನಗೆ ತಲೆ ಕೆಟ್ಟಿದೆ" ಎಂದು ನಗುತ್ತ ಒಪ್ಪಿದಳು. ಉಚ್ಚೆಯ ಘಾಟಿಗೆ ಹೊಟ್ಟೆ ತೊಳಸುತ್ತಿತ್ತು. ಬೆಲ್ಲದ ಪಾಕ ಬೆರೆಸಿದ ದಾಣಿಯ ವಾಸನೆ ಅದಕ್ಕಿಂತ ಕೆಟ್ಟದಾಗಿ ಕಾಡುತ್ತಿತ್ತು. ಚಿಕ್ಕಂದಿನಿಂದ ಆ ವಾಸನೆಯಲ್ಲಿ ಬೆಳೆದವಳು ನಾನು. ಈಗ ಗೋಡೆಯ ಹಿಂದೆ ಹೋಗಿ ವಾಂತಿ ಮಾಡಿ, ಬಾಯಿ ತೊಳೆದು, ನಗುತ್ತ ಬರುತ್ತಿದ್ದೆ. ಯಾರಾದರೂ ಏನಾಯಿತೆಂದು ಕೇಳಿದರೆ "ನಿನ್ನೆ ರಾತ್ರಿಯ ಟೇಕ್‌ಅವೇ" ಎನ್ನುತ್ತಿದ್ದೆ. ಒಂದೇ ಟೇಕ್‌ಅವೇ ಎಷ್ಟು ವಾರ ಕಾಡಬಹುದು?

ಬಿಸ್ಕೆಟ್ ವಿಷಯದಲ್ಲಿ ಸುತ್ತುದಾರಿ ಇರಲಿಲ್ಲ. ಎಳೆ ಕುದುರೆಗೆ ಸವಾರಿ ಕಲಿಸುವ ಕ್ರಮ ಹೀಗೆ: ಮೊದಲು ಉದ್ದ ಹಗ್ಗದಲ್ಲಿ ಸುತ್ತು ಹಾಕಿಸುವುದು. ಆಮೇಲೆ ಬೆನ್ನಿಗೆ ಬಟ್ಟೆ, ಅದರ ಮೇಲೆ ಜೀನು, ಹೊಟ್ಟೆಪಟ್ಟಿಯ ಬಿಗಿ. ಆಮೇಲೆ ಮನುಷ್ಯ. ಮನುಷ್ಯನೂ ಮೊದಲ ದಿನವೇ ಕಾಲು ಹಾಕಿ ಕೂರುವುದಿಲ್ಲ. ಮಣೆಯ ಮೇಲೆ ನಿಂತು, ಜೀನಿನ ಮೇಲೆ ಅಡ್ಡಲಾಗಿ, ಹೊಟ್ಟೆ ಅಡಿಯಾಗಿ ಮೈಭಾರ ಬಿಡಬೇಕು, ಮೂಟೆ ಹಾಕಿದ ಹಾಗೆ. ಕುದುರೆ ಬೆದರಿದರೆ ಹಿಂದಕ್ಕೆ ಜಾರಿ ಕಾಲೂರಿ ನಿಲ್ಲಬೇಕು. ಹಿಂದಿನ ವರ್ಷ ಇದನ್ನು ಎಷ್ಟೋ ಸಲ ಮಾಡಿದ್ದೆ. ಈಗ ಅದೇ ಹೊಟ್ಟೆ.

ಒಂದು ದಿನ ಮುಂದೂಡಿದೆ, ಎರಡು ದಿನ ಮುಂದೂಡಿದೆ. ಮೂರನೆಯ ದಿನ ಮ್ಯಾನೇಜರ್ ಬೇಲಿಗೆ ಮೊಣಕೈ ಊರಿ ನಿಂತಳು. "ಇವತ್ತು ಮಾಡ್ತೀಯಾ, ಇಲ್ಲ ಅವನು ಮುದುಕ ಆಗೋವರೆಗೆ ಕಾಯ್ತೀಯಾ?" ಎಂದಳು. ಅವಳದು ಇಂಗ್ಲಿಷು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಣೆ ಹತ್ತಿದೆ. ತೋಳು ಊರಿ, ಆದಷ್ಟು ಎದೆಯ ಮೇಲೆ ಭಾರ ಹಾಕಿ ಬಾಗಿದೆ. ಬಿಸ್ಕೆಟ್ ಸುಮ್ಮನೆ ನಿಂತ. ಇನ್ನೇನು ಇಳಿಯಬೇಕು, ಪಕ್ಕದ ಹೊಲದಿಂದ ಬಿಳಿ ಕಾಕಟೂ ಗಿಳಿಗಳ ಹಿಂಡು ಕಿರುಚಿಕೊಂಡು ಎದ್ದಿತು. ಬಿಸ್ಕೆಟ್ ಪಕ್ಕಕ್ಕೆ ನೆಗೆದ. ನಾನು ಜಾರಿ ಬಿದ್ದೆ, ಕಾಲ ಮೇಲೆಯೇ ಬಿದ್ದೆ, ಆದರೆ ಕುಳಿತುಬಿಟ್ಟೆ. ಮರಳು, ಹೆಲ್ಮೆಟ್, ಮೇಲೆ ಆಕಾಶ. ಮ್ಯಾನೇಜರ್ ಹತ್ತಿರ ಬಂದು ನೋಡಿ, ಪೆಟ್ಟಾಗಿಲ್ಲವೆಂದು ಖಾತ್ರಿ ಮಾಡಿಕೊಂಡು, "ಚೆನ್ನಾಗಿ ಬಿದ್ದೆ" ಎಂದಳು. ಅದು ಅವಳ ಮೆಚ್ಚುಗೆ.

ಸಂಜೆ ಪ್ಯಾರಮಟ್ಟಾದ ರೂಮಿನಲ್ಲಿ ಸ್ವಲ್ಪ ರಕ್ತ ಕಂಡಿತು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಕಾಳಿನಂಥದ್ದೊಂದು, ಅದರೊಳಗೆ ಮಿಣಮಿಣ ಬಡಿತ. ಇತ್ತು. ಡಾಕ್ಟರು ಚಿಕ್ಕ ವಯಸ್ಸಿನವಳು. ಇಂಥ ರಕ್ತ ಬಹಳ ಜನಕ್ಕೆ ಕಾಣಿಸುತ್ತದೆ, ಬಿದ್ದುದರಿಂದಲೇ ಎಂದು ಹೇಳಲಾಗದು ಎಂದಳು. ಆಮೇಲೆ ಕೆಲಸ ಏನೆಂದು ಕೇಳಿದಳು. ಹೇಳಿದೆ. ಪೆನ್ನು ಕೆಳಗಿಟ್ಟಳು. ಪಳಗದ ಕುದುರೆಯ ಸವಾರಿ ಇವತ್ತಿಗೇ ನಿಲ್ಲಬೇಕು ಎಂದಳು. "ಅಲ್ಲಿ ಯಾರಿಗೆ ಗೊತ್ತಿದೆ?"

"ಯಾರಿಗೂ ಇಲ್ಲ."

"ಯಾಕೆ?"

ಏನೆಂದು ವಿವರಿಸಲಿ? ದೃಷ್ಟಿ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟು ಅರ್ಧಕ್ಕೇ ಬಿಟ್ಟೆ. ನನ್ನ ಕಿವಿಗೇ ಅದು ಸರಿ ಕೇಳಿಸಲಿಲ್ಲ.

ಮರುದಿನ ಯಾರನ್ನೂ ಕೇಳದೆ, ಗಂಡನಿಗೂ ಫೋನ್ ಮಾಡದೆ, ಮ್ಯಾನೇಜರಿಗೆ ಹೇಳಿಬಿಟ್ಟೆ. "ಗ್ಲೌಸ್ ಅಲರ್ಜಿ, ಹೌದಾ?" ಎಂದಳು. ಆಮೇಲೆ, "ನಿನ್ನೆ ನಿನ್ನನ್ನ ಮಣೆ ಹತ್ತಿಸಿದವಳು ನಾನು. ಅದನ್ನ ನಾನು ಯಾರ ಹತ್ರ ಹೇಳ್ಕೊಳ್ಳಲಿ?" ಅಷ್ಟು ಮಾತು ಅವಳ ಬಾಯಿಂದ ಒಟ್ಟಿಗೆ ಬಂದದ್ದನ್ನು ನಾನು ಕೇಳಿರಲಿಲ್ಲ. ಕೈ ಚಾಚಿದಳು. ಲಾಯದ ಬಾಗಿಲು ತೆರೆಯುವ ನನ್ನ ಕಾರ್ಡನ್ನು ಅವಳ ಅಂಗೈಯಲ್ಲಿಟ್ಟೆ.

ಅಲ್ಲಿಂದ ನನಗೆ ಆಫೀಸಿನ ಕುರ್ಚಿ. ಮೇವಿನ ಲೆಕ್ಕ ಕಂಪ್ಯೂಟರಿಗೆ ಹಾಕುವುದು, ಗಬ್ಬದ ಕುದುರೆಗಳನ್ನು ಕ್ಯಾಮೆರಾದಲ್ಲಿ ನೋಡಿ ಅವುಗಳ ಚಲನವಲನ ಬರೆದಿಡುವುದು. ಅದರಿಂದ ಒಂದು ಪ್ರಾಕ್ಟಿಕಲ್ ಹೇಗೋ ದಡ ಸೇರುವಂತಾಯಿತು. ಇನ್ನೊಂದು ಗಾಜಿನ ಆಚೆ ನಿಂತಿತ್ತು. ಬಿಸ್ಕೆಟ್ ದಿನವೂ ಅಂಗಳದ ಬೇಲಿಗೆ ಕತ್ತು ಹಾಕಿ, ನಾನು ಬರುತ್ತಿದ್ದ ದಿಕ್ಕಿಗೆ ನೋಡುತ್ತಿದ್ದ. ನಾನು ಬಡಿದರೂ ಕೇಳಿಸದಷ್ಟು ದಪ್ಪ ಗಾಜು. ಗುಟ್ಟು ಇಟ್ಟುಕೊಂಡಾಗ ಗುಟ್ಟು ಕಟ್ಟಿಹಾಕಿತ್ತು, ಬಿಟ್ಟಮೇಲೆ ಕಾಳಜಿ ಕಟ್ಟಿಹಾಕಿತು. ಕೋರ್ಸಿನ ಮುಖ್ಯಸ್ಥರು ಒಳ್ಳೆಯವರು, ಕಾಫಿ ಕೊಟ್ಟು ಮಾತಾಡಿಸಿದರು. ಆರೋಗ್ಯ ಮೊದಲು ಎಂದರು. ಡಿಪ್ಲೊಮಾದ ಅರ್ಜಿ ಎಲ್ಲಿ ಸಿಗುತ್ತದೆಂದು ತಿಳಿಸಿದರು.

ನಡುವಿನ ರಜೆಗೆ ಮೆಲ್ಬರ್ನ್‌ಗೆ ಹೋದೆ. ಗಂಡನಿಗೆ ಶಿಫ್ಟ್ ಇದ್ದುದರಿಂದ ವೆರಿಬೀಯ ಮನೆಯಲ್ಲಿ ಒಬ್ಬಳೇ ಇರಬೇಡವೆಂದು ಅವರ ಅಕ್ಕ ನನ್ನನ್ನು ಕ್ಲೈಡ್ ನಾರ್ತ್‌ಗೆ ಕರೆಸಿಕೊಂಡರು. ಹೊಸ ಬಡಾವಣೆ. ಒಂದೇ ಅಚ್ಚಿನ ಮನೆಗಳು, ಮೊಣಕಾಲೆತ್ತರದ ಗಿಡಗಳು. ಮಹಡಿಯ ರೂಮು ನನಗೆ. ಮೆಟ್ಟಿಲು ಇಳಿದರೆ "ಯಾಕಮ್ಮ ಇಳಿದೆ?" ಹತ್ತಿದರೆ "ಯಾಕೆ ಹತ್ತಿದೆ?" ಊಟ ತಟ್ಟೆಯಲ್ಲಿ ಮೇಲಕ್ಕೇ ಬರುತ್ತಿತ್ತು. ಕರಿಬೇವಿನ ಸಾರು, ಮೆಂತ್ಯದ ದೋಸೆ, ತುಪ್ಪ ತೇಲುವ ಬೇಳೆ. ಅಷ್ಟು ಪ್ರೀತಿಯಿಂದ ಯಾರೂ ನನಗೆ ಬೀಗ ಹಾಕಿರಲಿಲ್ಲ.

ಹೊರಗಿನವರಿಗೆ ಹೇಳಿಬಿಟ್ಟೆ ಎಂದು ಅವರಿಗೆ ತಿಳಿದಾಗ ಬೈಗುಳಕ್ಕೆ ತಯಾರಾದೆ. ಬೈಯಲಿಲ್ಲ. ಮಂಚದ ತುದಿಯಲ್ಲಿ ಕೂತು, ಮಡಚಿದ್ದ ಬಟ್ಟೆಯನ್ನೇ ಮತ್ತೆ ಮಡಚುತ್ತ ಹೇಳಿದರು:

"ನನ್ನ ಮಗಳು ಹುಟ್ಟೋಕೆ ಮುಂಚೆ ಒಂದು ನಿಲ್ಲಲಿಲ್ಲ. ಆಗ ನಾನು ಎಲ್ಲರಿಗೂ ಹೇಳಿದ್ದೆ ಕಣಮ್ಮ, ಆಫೀಸು, ಫ್ರೆಂಡ್ಸು, ಪಕ್ಕದ ಮನೆ ಆಂಟಿ. ಆಮೇಲೆ ಒಬ್ಬೊಬ್ಬರಿಗೂ ಇಲ್ಲ ಅಂತ ಮತ್ತೆ ಹೇಳ್ಬೇಕಾಯ್ತು. ಕೆಲವರಿಗೆ ಎರಡೆರಡು ಸಲ. ಅದಕ್ಕೇ ನಿಂಗೆ ಬೇಡ ಅಂದದ್ದು. ದೃಷ್ಟಿ ಗಿಷ್ಟಿ ಎಲ್ಲ ಆಮೇಲೆ."

ಇದನ್ನು ಕೇಳಿದ ಮೇಲೆ ಅವರ ಮೇಲೆ ಸಿಟ್ಟಾಗುವ ಸವಲತ್ತೂ ಇಲ್ಲವಾಯಿತು. ಸಂಜೆ ಗಂಡ ಶಿಫ್ಟ್ ಮುಗಿಸಿ, ಊರಿನ ಆ ಕೊನೆಯಿಂದ ಈ ಕೊನೆಗೆ ಕಾರು ಓಡಿಸಿಕೊಂಡು ಬಂದರು. ಅಕ್ಕ ತಮ್ಮ ಇಬ್ಬರೂ ಮೆಲ್ಲಗೆ ಮಾತಾಡಿಕೊಂಡರು. ಆಮೇಲೆ ಗಂಡ ನನ್ನ ಪಕ್ಕ ಕೂತು, "ಡಿಪ್ಲೊಮಾನೂ ಒಂದು ಕಾಗದಾನೇ ಅಲ್ವೇನೇ?" ಎಂದರು.

"ನಿಮ್ಮ ಪಿಆರ್ ಕೂಡ ಒಂದು ಕಾಗದಾನೇ ಆಗಿತ್ತು, ಅಲ್ವೇನ್ರೀ?"

ಈ ದೇಶದಲ್ಲಿ ಕಾಯಂ ನೆಲೆಸಲು ಬೇಕಾದ ಆ ಕಾಗದಕ್ಕೆ ಅವರು ಎಷ್ಟು ವರ್ಷ ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದರೆಂದು ನನಗೂ ಗೊತ್ತು, ಅವರಿಗೂ ಗೊತ್ತು.

ಮರುದಿನ ಅಮ್ಮನಿಗೆ ಫೋನ್ ಮಾಡಿ ಗೋಳು ತೋಡಿಕೊಂಡೆ. ಕುದುರೆ ಹತ್ತುವ ಹಾಗಿಲ್ಲ, ಹತ್ತದೆ ಪರೀಕ್ಷೆ ಇಲ್ಲ, ಎಲ್ಲ ಮುಗಿಯಿತು ಎಂದೆ. ಅಮ್ಮನಿಗೆ ನಾನು ಹೇಳುತ್ತಿರುವುದು ಏನೆಂದೇ ಅರ್ಥವಾಗಲಿಲ್ಲ.

"ಹತ್ತೋದ್ಯಾಕೆ? ನಿಮ್ಮಪ್ಪ ಯಾವತ್ತು ಕುದುರೆ ಹತ್ತವ್ರೆ? ಒಂದೇ ಸಲ ಹತ್ತಿದ್ದು, ನಮ್ಮ ಮದುವೆ ಮೆರವಣಿಗೇಲಿ. ಅವತ್ತೂ ಹೆದರ್ಕೊಂಡು ಅದ್ರ ಕುತ್ತಿಗೆ ತಬ್ಕೊಂಡಿದ್ರು. ಎಲ್ರೂ ನಗ್ತಾ ಇದ್ರು."

ಹಿಂದಿನಿಂದ ಅಪ್ಪನ ದನಿ: "ಆ ಕುದುರೆ ಸರಿ ಇರ್ನಿಲ್ಲ!"

ಅಮ್ಮ ಇನ್ನೂ ನಗುತ್ತಿದ್ದರು. ನಾನು ನಗಲಿಲ್ಲ. ಅಪ್ಪ ಜೀವಮಾನದಲ್ಲಿ ಎಷ್ಟೋ ಎಳೆ ಕುದುರೆಗಳನ್ನು ಪಳಗಿಸಿದ್ದಾರೆ. ಗಾಡಿಗೆ ಕಟ್ಟುವ ಮುಂಚೆ ವಾರಗಟ್ಟಲೆ ಹಿಂದೆ ನಡೆಯುತ್ತಾರೆ, ಕೈಯಲ್ಲಿ ಎರಡು ಉದ್ದ ಲಗಾಮು. ಇಲ್ಲಿಯೂ ಆ ಕ್ರಮವಿದೆ. ಸವಾರಿಗೆ ಮುನ್ನ ಕೆಲವು ದಿನ ಹಾಗೆ ನಡೆಸಿ, ಆಮೇಲೆ ಹತ್ತುತ್ತಾರೆ. ಇವರಿಗೆ ಅದು ಮೆಟ್ಟಿಲು, ಅಪ್ಪನಿಗೆ ಅದೇ ಮನೆ. ಪರೀಕ್ಷೆಯಲ್ಲಿ ನೋಡಬೇಕಾದದ್ದು ಏನು? ನಾನು ಹೇಗೆ ಕೂರುತ್ತೇನೆ ಎಂಬುದೋ, ಆ ಕುದುರೆ ಮನುಷ್ಯರನ್ನು ಹೇಗೆ ಕೂರಿಸಿಕೊಳ್ಳುತ್ತದೆ ಎಂಬುದೋ?

ಮಹಡಿಯಿಂದ ಕೆಳಗಿಳಿದೆ. "ಯಾಕಮ್ಮ ಇಳಿದೆ?" ಎಂದರು ಅಕ್ಕ.

"ಸಿಡ್ನಿಗೆ ಟಿಕೆಟ್ ಬುಕ್ ಮಾಡ್ತೀನಿ ಅಕ್ಕಾ."

ಕಾಲೇಜಿನಲ್ಲಿ ನಾನು ಕೇಳಿದ್ದು ಇಷ್ಟು: ಬಿಸ್ಕೆಟ್‌ನನ್ನು ನೆಲದ ಮೇಲಿನಿಂದಲೇ ನಾನು ತಯಾರು ಮಾಡುತ್ತೇನೆ. ಪರೀಕ್ಷೆಯ ದಿನ ಬೇರೆಯವರು ಹತ್ತಲಿ. ಕುದುರೆ ಕೆಟ್ಟದಾಗಿ ನಡೆದುಕೊಂಡರೆ ನಾನು ಫೇಲು, ಹತ್ತಿದವರದು ತಪ್ಪು ಎಂದು ವಾದಿಸುವುದಿಲ್ಲ. ಮುಖ್ಯಸ್ಥರು ಆ ಪ್ರಾಕ್ಟಿಕಲ್ಲಿನ ಗುರಿಗಳನ್ನು ಎರಡು ಸಲ ಓದಿದರು. ಸವಾರನಿಗಾಗಿ ಕುದುರೆಯನ್ನು ಸಿದ್ಧಪಡಿಸುವುದು ಎಂದಿತ್ತು. ಸವಾರ ಯಾರೆಂದು ಇರಲಿಲ್ಲ. ಅವರು ಮ್ಯಾನೇಜರ್ ಕಡೆ ನೋಡಿದರು.

"ಸುರಕ್ಷಿತ ಅಂತ ನಾನು ಹೇಳಲ್ಲ" ಎಂದಳು ಅವಳು. "ಕುದುರೆ ಒದೆಯುತ್ತೆ. ನೆಲದ ಮೇಲಿರೋರನ್ನೂ ಒದೆಯುತ್ತೆ."

ಮತ್ತೆ ಹೋಗಿ ಕೇಳಿದಾಗ ಆಸ್ಪತ್ರೆಯ ಡಾಕ್ಟರೂ ಅದನ್ನೇ ಹೇಳಿದ್ದಳು. ಸುರಕ್ಷಿತ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಕೊನೆಗೆ ಮ್ಯಾನೇಜರ್ ತಾನೇ ಷರತ್ತು ಹಾಕಿದಳು. ಜೀನು ಬಿಗಿಯುವುದು, ಗೊರಸು ಎತ್ತುವುದು, ಲಾಯದಿಂದ ಹೊರತರುವುದು ಸಹಪಾಠಿಯ ಕೆಲಸ. ನಾನು ಒದೆತಕ್ಕೆ ಸಿಗದಷ್ಟು ಹಿಂದೆ, ಸ್ವಲ್ಪ ಪಕ್ಕಕ್ಕೆ ಇರಬೇಕು. ಲಗಾಮನ್ನು ಎಂದೂ ಕೈಗೆ ಸುತ್ತಿಕೊಳ್ಳಬಾರದು. ಎಳೆದರೆ ಬಿಟ್ಟುಬಿಡಬೇಕು, ಕುದುರೆ ಹೋದರೆ ಹೋಗಲಿ. ಗುಂಡನೆಯ ಅಂಗಳ ಬಿಟ್ಟು ಹೊರಗಿಲ್ಲ. ಅವಳು ಬೇಲಿಯಲ್ಲಿ ಇಲ್ಲದಿದ್ದರೆ ಕೆಲಸ ಇಲ್ಲ. ಆರನೆಯ ತಿಂಗಳಿಗೆ ಎಲ್ಲ ಬಂದ್.

ಕಾರ್ಡ್ ವಾಪಸು ಕೊಟ್ಟಳು.

ಸವಾರ ಕಾಲಿಡುವ, ಜೀನಿನ ರಿಕಾಪುಗಳನ್ನು ಹೊಟ್ಟೆಯ ಅಡಿಯಿಂದ ಪಟ್ಟಿ ಹಾಕಿ ಒಂದಕ್ಕೊಂದು ಕಟ್ಟಿ, ಅವುಗಳ ಒಳಗಿಂದ ಎರಡು ಉದ್ದ ಲಗಾಮು ತಂದು ಕಡಿವಾಣಕ್ಕೆ ಸಿಕ್ಕಿಸಿದೆವು. ಮೊದಲ ದಿನ ಬಿಸ್ಕೆಟ್ ಗಾಬರಿಯಾದ. ಮಾತಾಡಿಸುವವಳು ಹಿಂದೆ, ಮುಖ ಕಾಣಿಸುವುದಿಲ್ಲ, ತೊಡೆಗೆ ಲಗಾಮು ಸವರುತ್ತದೆ. ಬಾಲ ಒಳಗೆಳೆದುಕೊಂಡು ಓಡಿದ. ಷರತ್ತಿನಂತೆ ಬಿಟ್ಟೆ. ಮತ್ತೆ ಹಿಡಿದು ತಂದರು. ಮತ್ತೆ ಓಡಿದ. ವಾರವೆಲ್ಲ ಹೀಗೆ. ಫೋನಿನಲ್ಲಿ ಅಪ್ಪನನ್ನು ಕೇಳಿದೆ.

"ಹಿಂದ್ಗಡೆ ಇದ್ರೆ ಅದಕ್ಕೆ ನಿನ್ನ ಮಖ ಕಾಣಾಕಿಲ್ಲ ಕಣವ್ವ. ಹುಲಿ ಇದ್ರೂ ಅದೇ, ನೀನಿದ್ರೂ ಅದೇ. ಬಾಯಿ ಮುಚ್ಕೊಂಡು ನಡೀಬ್ಯಾಡ, ಮಾತಾಡ್ತಾ ಇರು."

"ಏನ್ ಮಾತಾಡ್ಲಿ?"

"ಅದ್ಕೇನ್ ಗೊತ್ತಾಯ್ತದೆ? ಸೊಪ್ಪಿನ ರೇಟ್ ಹೇಳು."

ಹೇಳಿದೆ. ಪ್ಯಾರಮಟ್ಟಾದ ಇಂಡಿಯನ್ ಅಂಗಡಿಯಲ್ಲಿ ಮೆಂತ್ಯ ಸೊಪ್ಪಿನ ಕಟ್ಟು ಎಷ್ಟಕ್ಕೆ ಎಂದು ಬಿಸ್ಕೆಟ್‌ಗೆ ಹೇಳಿದೆ. ರೂಮಿನಲ್ಲಿ ಯಾರಿಗೂ ಹೇಳಲಾಗದ್ದನ್ನೂ ಹೇಳಿದೆ. ಅವನ ಕಿವಿಗಳು ಹಿಂದಕ್ಕೆ ತಿರುಗಿದವು, ಆಮೇಲೆ ಒಂದು ಮುಂದೆ ಒಂದು ಹಿಂದೆ, ಆಮೇಲೆ ಬಾಯಿ ಅಗಿಯುತ್ತ ನಡೆಯತೊಡಗಿದ. ವಸಂತ ಬರುವ ಹೊತ್ತಿಗೆ ನಡೆ, ಓಟ, ನಿಲ್ಲು, ಎಡಬಲ ಎಲ್ಲ ಬಂತು. ಅಡ್ಡ ಮಲಗುವ ಬದಲು ಮರಳಿನ ಚೀಲ ಹೇರಿದೆವು. ಆಮೇಲೆ ಹಳೆಯ ಜೀನ್ಸ್ ಪ್ಯಾಂಟಿಗೆ ಹುಲ್ಲು ತುಂಬಿದ ಬೊಂಬೆ ಕೂರಿಸಿದೆವು. ಸಹಪಾಠಿ ಅದನ್ನು ಹೊತ್ತು ತರುವಾಗ ದಿನವೂ ಕೂಗುತ್ತಿದ್ದಳು: "ನಿನ್ನ ಗಂಡ ಬಂದ! ಕೆಲಸ ಮಾಡದಿದ್ರೂ ಕೂರೋದು ಚೆನ್ನಾಗಿ ಕೂರ್ತಾನೆ!"

ಆದರೂ ಸಂಜೆ ರೂಮಿಗೆ ಬಂದರೆ ಉಸಿರು ಕಟ್ಟುತ್ತಿತ್ತು. ಹೊಟ್ಟೆ ದಿನದಿಂದ ದಿನಕ್ಕೆ ಮುಂದೆ ಬರುತ್ತಿತ್ತು, ಪರೀಕ್ಷೆ ಬರುತ್ತಿರಲಿಲ್ಲ. ಯಾವುದು ಮೊದಲು ಮುಟ್ಟುತ್ತದೋ ಎಂದು ಗೋಡೆ ನೋಡುತ್ತ ಮಲಗುತ್ತಿದ್ದೆ.

ಪರೀಕ್ಷೆಗೆ ಕೆಲವೇ ವಾರ ಇದ್ದಾಗ ಸಹಪಾಠಿ ಮೊದಲ ಸಲ ಹತ್ತಿದಳು. ಬಿಸ್ಕೆಟ್ ಬೆನ್ನು ಉಬ್ಬಿಸಲಿಲ್ಲ. ಎಲ್ಲರಿಗೂ ಖುಷಿ. ಅವಳು "ವಾಕ್ ಆನ್" ಎಂದಳು. ನಿಂತೇ ಇದ್ದ. ಹಿಮ್ಮಡಿ ಒತ್ತಿದಳು. ಗೊಂದಲಗೊಂಡು ಸರ್ರನೆ ಓಟಕ್ಕೆ ಬಿದ್ದ. "ವೋ! ವೋ!" ಎಂದಷ್ಟೂ ಜೋರಾಯಿತು. ನಾನು ಬೇಲಿಯ ಹೊರಗಿನಿಂದ "ನಿಲ್ಲೋ!" ಎಂದೆ. ಕಂಬದ ಹಾಗೆ ನಿಂತ. ಅವಳು ಅವನ ಕತ್ತಿನ ಮೇಲೆ ಮುಗ್ಗರಿಸಿದಳು.

ಮ್ಯಾನೇಜರ್ ನನ್ನತ್ತ ತಿರುಗಿದಳು. "ಇಷ್ಟು ದಿನ ಅವನ ಹತ್ರ ಯಾವ ಭಾಷೇಲಿ ಮಾತಾಡ್ತಿದ್ದೆ?"

ನನಗೆ ಆಗಲೇ ಹೊಳೆದದ್ದು. ನಡಿ, ಓಡು, ನಿಲ್ಲು, ಈ ಕಡೆ, ಆ ಕಡೆ, ಎಲ್ಲವೂ ಕನ್ನಡ. ಒಂದು ದಿನವೂ ಯೋಚಿಸಿರಲಿಲ್ಲ. ಮೈಸೂರಿನ ಬೀದಿಗೆ ಒಂದು ಚೆಂದದ ಕುದುರೆ ತಯಾರು ಮಾಡಿ, ಅದನ್ನು ಸಿಡ್ನಿಯಲ್ಲಿ ನಿಲ್ಲಿಸಿದ್ದೆ. ಯಾರು ಹತ್ತಿದರೂ ಕೇಳಬೇಕಾದ ಕುದುರೆ ಇದು. ಮ್ಯಾನೇಜರ್ ಬೈಯಲಿಲ್ಲ, ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡಳು. ಬೈದಿದ್ದರೆ ವಾಸಿಯಿತ್ತು.

ಅಳಿಸಿ ಕಲಿಸಲು ಸಮಯವಿರಲಿಲ್ಲ. ಹಳೆಯದರ ಮೇಲೆ ಹೊಸದನ್ನು ಕಟ್ಟಬೇಕು. ಕ್ರಮ ಗೊತ್ತಿತ್ತು: ಹೊಸ ಸೂಚನೆ ಮೊದಲು, ಹಳೆಯದು ಹಿಂದೆ. ಅವಳು ಮೇಲೆ ಕೂತು "ವೋ" ಎನ್ನುವುದು, ಅವಳ ಮಾತು ಮುಗಿದ ಮೇಲೆ ನಾನು "ನಿಲ್ಲು" ಎನ್ನುವುದು. ಅವಳು ಹಿಮ್ಮಡಿ ಒತ್ತುವುದು, ನಾನು "ನಡಿ" ಎನ್ನುವುದು. ಅದಲುಬದಲಾದರೆ ಕುದುರೆ ಹಳೆಯದನ್ನೇ ಕಾಯುತ್ತದೆ. ನನ್ನ ದನಿಯನ್ನು ದಿನದಿಂದ ದಿನಕ್ಕೆ ಸಣ್ಣದು ಮಾಡುತ್ತ ಬಂದೆ, ಪಿಸುಮಾತಿನವರೆಗೆ, ಆಮೇಲೆ ಬರೀ ತುಟಿಯಾಡಿಸುವವರೆಗೆ. ಒಂದು ಬೆಳಿಗ್ಗೆ ನಾನು ಬಾಯಿ ಮುಚ್ಚಿ ನಿಂತಿದ್ದೆ. ಅವಳು ಒತ್ತಿದಳು, ಅವನು ನಡೆದ. ನನ್ನತ್ತ ಕಿವಿಯನ್ನೂ ತಿರುಗಿಸಲಿಲ್ಲ. ಅದೇ ಬೇಕಾಗಿದ್ದದ್ದು.

ಪರೀಕ್ಷೆಯ ದಿನ ಬಿಸಿಗಾಳಿ. ಪರೀಕ್ಷಕರು ಇಬ್ಬರು, ಮಡಚುವ ಕುರ್ಚಿಗಳಲ್ಲಿ. ಮೊದಲು ನಾನು ಉದ್ದ ಲಗಾಮಿನಲ್ಲಿ ನಡೆಸಿ ತೋರಿಸಿ, ಬೇಲಿಯ ಆಚೆ ಬಂದು ನಿಂತೆ. ಇನ್ನು ನಾನು ಬಾಯಿ ತೆರೆಯುವ ಹಾಗಿಲ್ಲ, ತೆರೆದರೆ ಅಂಕ ಹೋಗುತ್ತದೆ. ಸಹಪಾಠಿ ಹತ್ತಿದಳು. ನಡೆ ಚೆನ್ನಾಗಿತ್ತು. ತಿರುವು ಚೆನ್ನಾಗಿತ್ತು. ಓಟಕ್ಕೆ ಬಂದಾಗ ಪಕ್ಕದ ಹೊಲದಿಂದ ಕಾಕಟೂಗಳು ಎದ್ದವು.

ಬಿಸ್ಕೆಟ್ ತಲೆ ಎತ್ತಿದ, ಬೆನ್ನು ಗಟ್ಟಿಯಾಯಿತು, ಎರಡು ಹೆಜ್ಜೆ ಅಡ್ಡಕ್ಕೆ ಹಾರಿದ. ಅವಳ ಒಂದು ಕಾಲು ರಿಕಾಪಿನಿಂದ ಹೊರಬಂತು. ನಾನು ಬೇಲಿಯ ಕಂಬಿ ಹಿಡಿದು ನಾಲಿಗೆ ಕಚ್ಚಿಕೊಂಡೆ. ನಿಜವಾಗಿ ಕಚ್ಚಿಕೊಂಡೆ, ಉಪ್ಪುಪ್ಪು ರುಚಿ ಬಂತು. ಹೊಟ್ಟೆಯೊಳಗೆ ಮಗು ಒದೆಯಿತು. ಆಗ ಮೇಲಿದ್ದವಳು, ದನದ ಫಾರ್ಮ್‌ನ ಹುಡುಗಿ, ಗಾಬರಿಯಲ್ಲಿ ಗಂಟಲು ಬಿರಿಯುವಂತೆ ಕೂಗಿದಳು:

"ನಿಲ್ಲೋ!"

ನಿಂತ. ಉಸಿರು ಬುಸುಗುಟ್ಟಿದ, ಗಿಳಿಗಳನ್ನು ನೋಡಿದ, ತಲೆ ಇಳಿಸಿದ. ಅವಳು ಕಾಲನ್ನು ರಿಕಾಪಿಗೆ ಹಾಕಿಕೊಂಡು, ಏನೂ ಆಗದವಳಂತೆ ಹಿಮ್ಮಡಿ ಒತ್ತಿ ಮತ್ತೆ ಓಡಿಸಿದಳು, ಆಮೇಲೆ ಇಂಗ್ಲಿಷಿನಲ್ಲೇ ನಿಲ್ಲಿಸಿದಳು.

ಪರೀಕ್ಷಕರಲ್ಲೊಬ್ಬರು ನನ್ನನ್ನು ಕರೆದರು. "ಅವಳು ಹೇಳಿದ್ದು ಏನು?"

"ನಿಲ್ಲು ಅಂತ. ನನ್ನ ಭಾಷೆ."

"ಕುದುರೆ ಎರಡೂ ಭಾಷೆ ಕೇಳುತ್ತೆ ಅನ್ನು."

"ಹೌದು ಸಾರ್. ಹೆದರಿದಾಗ ಮೊದಲನೆಯದು ಹೆಚ್ಚು ಕೇಳುತ್ತೆ."

ಅವರು ನಗಲಿಲ್ಲ, ಬರೆದುಕೊಂಡರು. ಅಂಕ ಅಂಥ ಹೊಗಳುವಷ್ಟೇನೂ ಬರಲಿಲ್ಲ. ಧ್ವನಿಯ ಮೇಲೆ ಅವಲಂಬನೆ ಜಾಸ್ತಿ ಎಂದು ಕಡಿಮೆ ಮಾಡಿದ್ದರು, ಅದು ನ್ಯಾಯವೇ. ಪಾಸಾಗಿತ್ತು. ಮ್ಯಾನೇಜರ್ ಮತ್ತೆ ಕೈ ಚಾಚಿದಳು. ಕಾರ್ಡ್ ಕೊಟ್ಟೆ. "ಈಗ ಮನೆಗೆ ಹೋಗು" ಎಂದಳು. ಹೋದೆ. ವೆರಿಬೀಯ ಮನೆಯಲ್ಲಿ ತಿಂಗಳುಗಳ ನಂತರ ಮೊದಲ ಸಲ ಹಗಲಲ್ಲಿ ನಿದ್ದೆ ಮಾಡಿದೆ.

ಮಗಳು ಹುಟ್ಟಿದಳು, ಒಂಬತ್ತೇ ತಿಂಗಳಿಗೆ. ಬಾಣಂತನಕ್ಕೆ ಅಮ್ಮ ಬಂದರು. ಕುದುರೆಗೆ ಮೇವು ಹಾಕುವವರು ಯಾರೂ ಇಲ್ಲವೆಂದು ಅಪ್ಪ ಬರಲಿಲ್ಲ. ಪದವಿ ಪ್ರದಾನಕ್ಕೆ ನಮ್ಮ ಮೂವರನ್ನೂ ಕರೆದುಕೊಂಡು ಗಂಡ ಸಿಡ್ನಿಗೆ ಕಾರು ಓಡಿಸಿದರು. ದಾರಿಯುದ್ದಕ್ಕೂ ಮಗು ಅತ್ತಿತು, ಅಮ್ಮ ಲಾಲಿ ಹಾಡಿದರು, ಗಂಡ ಎರಡನ್ನೂ ಸಹಿಸಿಕೊಂಡರು.

ಬಾಡಿಗೆಯ ಕರಿ ಗೌನು ಉದ್ದವಾಗಿತ್ತು, ಎಡವದಂತೆ ಸೀರೆಯ ನೆರಿಗೆ ಎತ್ತಿದ ಹಾಗೆ ಎತ್ತಿಕೊಂಡು ವೇದಿಕೆ ಹತ್ತಿದೆ. ನನ್ನ ಹೆಸರನ್ನು ಅರ್ಧ ಸರಿಯಾಗಿ ಕರೆದರು. ಪ್ರಮಾಣಪತ್ರ ಕೈಗೆ ಬಂತು. ಹೊರಗೆ ಹುಲ್ಲಿನ ಮೇಲೆ ಅಮ್ಮ ಮಗುವನ್ನೆತ್ತಿಕೊಂಡು ಕಾಯುತ್ತಿದ್ದರು. ನಾನು ಪತ್ರವನ್ನು ಅವರ ಮುಂದೆ ಹಿಡಿದೆ. ಅವರು ಅದರ ಮೇಲೆ ಬೆರಳು ಆಡಿಸಿದರು, ಅಕ್ಷರಗಳು ಉಬ್ಬಿವೆಯೋ ಎಂದು ನೋಡುವವರಂತೆ. ಆಮೇಲೆ ಮಗುವನ್ನು ನನ್ನ ತೋಳಿಗೆ ಹಾಕಿ, ಪತ್ರವನ್ನು ಎರಡೂ ಕೈಯಿಂದ ತೆಗೆದುಕೊಂಡರು.

"ಮಗೀನ ನೀನೇ ಹಿಡ್ಕೊ, ಇದು ನನ್ ಹತ್ರ ಇರ್ಲಿ. ಮಕ್ಕಳನ್ನ ನಮ್ಮನೇಲಿ ಎಲ್ರೂ ಹೆತ್ತವ್ರೆ."